ವಾಸಣ್ಣ ಎತ್ತಿದ ಸಾಲು

ಲೆಕ್ಕಕ್ಕೆ ಸಿಗದ್ದನ್ನು ನಾನು ನಂಬಿದವನಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಕೆಲಸವಿದೆ ಎಂದು ಎದ್ದುಬಿಡುತ್ತಿದ್ದೆ. ಈಗ ಓದುಗರಾದ ನೀವು ಎದ್ದುಹೋದರೂ ನನಗೆ ಬೇಸರವಿಲ್ಲ.

ನೌಕರಿಯಲ್ಲಿದ್ದಾಗ ಕಲ್ಯಾಣದಿಂದ ಬೆಳಗಿನ ಲೋಕಲ್ ರೈಲು ಹಿಡಿಯುತ್ತಿದ್ದೆ. ಅದೇ ಗಾಡಿ, ಅದೇ ಡಬ್ಬಿ. ಆ ಡಬ್ಬಿಯಲ್ಲಿ ಕನ್ನಡಿಗರಾದ ನಮ್ಮದೊಂದು ಭಜನಾ ಮಂಡಳಿ. ಮುಖ್ಯ ಹಾಡುಗಾರ ಉಡುಪಿ ಕಡೆಯ ವಾಸಣ್ಣ, ಮುಂದಿನ ಸ್ಟೇಷನ್ ಠಾಕುರ್ಲಿಯಲ್ಲಿ ಹತ್ತುತ್ತಿದ್ದರು. ಅವರು ಒಂದು ಸಾಲು ಎತ್ತಬೇಕು, ನಾವೆಲ್ಲ ತಾಳ ತಟ್ಟಿ ಅದನ್ನೇ ತಿರುಗಿ ಹೇಳಬೇಕು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿ ಒಂಟಿಕಾಲಲ್ಲಿ ನಿಂತರೂ ಅವರ ಸ್ವರ ಕದಲುತ್ತಿರಲಿಲ್ಲ. ಎಂಥ ಬೆಳಗುಗಳು ಅವು.

ಅವರಿಗೆ ಮೂತ್ರಪಿಂಡದ ಕ್ಯಾನ್ಸರ್ ಬಂದು ಶ್ವಾಸಕೋಶಕ್ಕೆ ಹರಡಿತು. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಮದ್ದನ್ನು ಯಂತ್ರದಿಂದ ಮಂಜಿನಂತೆ ಮಾಡಿ ಉಸಿರಿಗೆ ಎಳೆದುಕೊಳ್ಳಬೇಕು, ಫಲ ಖಾತ್ರಿಯಿಲ್ಲ ಎಂದರು ಡಾಕ್ಟರು. ಮದ್ದಿನಿಂದ ಕೆಮ್ಮು ಹೆಚ್ಚಿತು. ಒಂದು ಭಾನುವಾರ ನೋಡಲು ಹೋದಾಗ ವಾಸಣ್ಣ, "ಹಾಡ್ಲಿಕ್ಕೆ ಆಗದ ಎದೆಗೆ ಈ ಹೊಗೆ ಯಾಕೆ ಮಾರಾಯ? ನಾಳೆಯಿಂದ ಬಂದ್" ಎಂದರು.

"ಇಷ್ಟು ವರ್ಷ ಗಾಡಿಯಲ್ಲಿ ಕಂಡವರ ಬೆವರು ಎಳ್ಕೊಂಡದ್ದು ಆಗ್ತದೆ, ಇದು ಆಗುದಿಲ್ವಾ?" ಎಂದು ಅವರ ಹೆಂಡತಿ ಸರೋಜಕ್ಕ ಗದರಿದರು. ಗದರಿ, ನೀವಾದರೂ ಹೇಳಿ ಎಂಬಂತೆ ನನ್ನನ್ನು ನೋಡಿದರು.

ಮರುದಿನ ಗಾಡಿಯಲ್ಲಿ ಎಂದಿನಂತೆ ಭಜನೆ. ವಾಸಣ್ಣ ಬರುವುದು ನಿಂತ ಮೇಲೆ ಸಾಲು ಎತ್ತುವ ಕೆಲಸ ನನಗೆ ಬಂದಿತ್ತು. ದಿವಾ ದಾಟಿದಾಗ ಮುಂದಿನ ಸಾಲು ಮರೆತು ತಡವರಿಸಿದೆ. ಆಗ ಆ ಸಾಲು ವಾಸಣ್ಣನ ಸ್ವರದಲ್ಲಿ ಕೇಳಿಸಿತು. ಅಭ್ಯಾಸಬಲದಿಂದ ಎಲ್ಲರೂ ತಿರುಗಿ ಹೇಳಿದೆವು. ಹೇಳಿದ ಮೇಲೆ ತಾಳಗಳು ಒಮ್ಮೆಗೇ ನಿಂತವು. ವಿಜಯಪುರದ ಮಲ್ಲಪ್ಪ, "ಯಾರ್ರೀ ಅಂದದ್ದು?" ಎಂದ. ಅಂದಿನ ಭಜನೆ ಅಲ್ಲಿಗೇ ನಿಂತಿತು.

ಸಂಜೆ ಠಾಕುರ್ಲಿಯಲ್ಲೇ ಇಳಿದೆ. ಕೆಟ್ಟ ಸುದ್ದಿಯೇ ಇರಬೇಕೆಂದು ಅಂಜುತ್ತ ಅವರ ಮನೆಯ ಬಾಗಿಲು ತಟ್ಟಿದೆ. ವಾಸಣ್ಣ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು, ಯಂತ್ರ ಗುಂಯ್ ಎನ್ನುತ್ತಿತ್ತು. ಬೆಳಿಗ್ಗೆ ಗಾಡಿಯ ಹೊತ್ತಿಗೆ ಗಂಡ ತಾವಾಗಿಯೇ ಮದ್ದು ಕೇಳಿದರು, ಮಾಸ್ಕಿನೊಳಗೆ ತುಟಿ ಅಲ್ಲಾಡುತ್ತಿತ್ತು, ಸ್ವರ ಮಾತ್ರ ಹೊರಡಲಿಲ್ಲ ಎಂದರು ಸರೋಜಕ್ಕ. ವಾಸಣ್ಣ ಮಾಸ್ಕ್ ಸರಿಸಿ, "ನಾನು ಎತ್ತಿ ಕೊಟ್ಟ ಮೇಲೂ ನೀವೆಲ್ಲ ಯಾಕೆ ನಿಲ್ಲಿಸಿದ್ದು ಮಾರಾಯ?" ಎಂದು ಕೇಳಿದರು.

ಗಾಡಿಯ ಹೊತ್ತು ಅವರಿಗೆ ಬಾಯಿಪಾಠ, ಹಾಗಾಗಿ ಕಲ್ಪಿಸಿಕೊಂಡರು ಎನ್ನಬಹುದು. ಆದರೆ ನಾವು ನಿಲ್ಲಿಸಿದ್ದು ಅವರಿಗೆ ಹೇಗೆ ಗೊತ್ತು? ಮಂಡಳಿಯವರನ್ನು ಒಬ್ಬೊಬ್ಬರಾಗಿ ವಿಚಾರಿಸಿದೆ, ಯಾರೂ ಅವರಿಗೆ ಫೋನ್ ಮಾಡಿರಲಿಲ್ಲ. ವಾಸಣ್ಣ ಮತ್ತೆ ಮದ್ದು ಬಿಡುವ ಮಾತೆತ್ತಲಿಲ್ಲ. ಶ್ವಾಸಕೋಶದ ಗಂಟುಗಳು ಬೆಳೆಯುವುದು ಕೆಲಕಾಲ ನಿಂತಿತು. ಅದು ಮದ್ದಿನ ಗುಣವೆಂದೇ ನಾನು ತಿಳಿದಿದ್ದೇನೆ. ಅವರೀಗ ಇಲ್ಲ. ಆ ಸಾಲು ನಮ್ಮ ಡಬ್ಬಿಗೆ ಹೇಗೆ ಬಂತು ಎಂಬುದು ಇಂದಿಗೂ ನನಗೆ ತಿಳಿಯದು.

ಅಂದು ಅವರ ಪ್ರಶ್ನೆಗೆ, "ನಾಳೆ ನಿಲ್ಲಿಸುವುದಿಲ್ಲ" ಎಂದಷ್ಟೇ ಹೇಳಿ ಬಂದೆ.