ಬೇರಿಂಗ್ ಗಾಡಿಯ ಮೊದಲ ಸವಾರಿ

ಮಕ್ಕಳ ಜೊತೆ ಕೂತು ಏನಾದರೂ ಮಾಡುವುದು ಬಹಳ ಚೆಂದ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ಮಾಡಿರುವುದಿಲ್ಲ. ಮಾಡಿದ್ದರೆ, ಹುಣಸೆ ಕಟ್ಟಿಗೆಯ ತುದಿಯನ್ನು ಬೇರಿಂಗಿನ ತೂತಿಗೆ ಸರಿಹೋಗುವಂತೆ ಮಚ್ಚಿನಲ್ಲಿ ಕೆತ್ತುವಾಗ ಏಳು ವರ್ಷದ ಚಿಕ್ಕ ಮಗಳು ಮೊಣಕೈ ತಳ್ಳಿದರೆ ಬಾಯಲ್ಲಿ ಏನು ಬರುತ್ತದೆಂದು ಗೊತ್ತಿರುತ್ತಿತ್ತು.

ಗಾಡಿ ಬೇಕೆಂದವಳು ದೊಡ್ಡ ಮಗಳು. ಅವಳಿಗೆ ಹನ್ನೊಂದು. ಎಂಜಿನ್ ಇಲ್ಲದ, ಪೆಡಲ್ ಇಲ್ಲದ, ಇಳಿಜಾರಿನಲ್ಲಿ ಬಿಟ್ಟರೆ ತಾನೇ ಓಡುವ ಗಾಡಿ. ನಮ್ಮ ಕಾಲದಲ್ಲಿ ನಂಜನಗೂಡಿನ ಗಂಡುಹುಡುಗರೆಲ್ಲ ಅಂಥದ್ದನ್ನು ಇಟ್ಟುಕೊಂಡಿದ್ದರು, ಹುಡುಗಿಯರಾದ ನಮ್ಮನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇತ್ತು ಎಂದು ಕಾಣುತ್ತದೆ, ಒಂದೇ ಮಾತಿಗೆ ಒಪ್ಪಿಬಿಟ್ಟೆ. ನಾನು ತಾಂಡ್ಯದ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತೇನೆ. ಚಕ್ರಕ್ಕೆಂದು ಸವೆದ ಬೇರಿಂಗುಗಳನ್ನೂ ಕೂರಲು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳನ್ನೂ ಗೇಟ್ ಪಾಸ್ ಬರೆಸಿ ತಂದೆ. ಸೆಕ್ಯುರಿಟಿಯವನು ಹಲ್ಲು ಕಿರಿದು, "ಸೌದೆಗಾ ಮೇಡಂ?" ಎಂದ.

ಆ ಗಾಡಿಯ ಜೊತೆ ನಾವು ಮೂವರೂ ಜಗಳವಾಡಿಕೊಂಡೇ ಕೆಲಸ ಮಾಡಿದೆವು. ಮೊದಲು ಕೆತ್ತಿದ ಅಚ್ಚು ಸಣ್ಣದಾಗಿ ಬೇರಿಂಗ್ ಕಳಚಿ ಬಿತ್ತು. ಎರಡನೆಯದು ದಪ್ಪವಾಯಿತು, ಸುತ್ತಿಗೆಯಲ್ಲಿ ಬಡಿದಾಗ ಸೀಳಿತು. ಚಿಕ್ಕವಳು ಮೊಳೆ ಹಿಡಿಯುವ ಕೆಲಸ ಬೇಜಾರು ಎಂದು ಅತ್ತಳು. ದೊಡ್ಡವಳು ಮಾತ್ರ ಹಟ ಬಿಡಲಿಲ್ಲ. ಮುಂದಿನ ಅಚ್ಚನ್ನು ಒಂದೇ ಬೋಲ್ಟಿಗೆ ಕೂರಿಸಿ, ಎರಡು ತುದಿಗೂ ಹಗ್ಗ ಕಟ್ಟಿದಳು. ಎಡಗಡೆ ಹಗ್ಗ ಎಳೆದರೆ ಗಾಡಿ ಎಡಕ್ಕೆ, ಬಲಗಡೆಯದು ಎಳೆದರೆ ಬಲಕ್ಕೆ. ಹಳೆಯ ಹವಾಯಿ ಚಪ್ಪಲಿ ಹೊಡೆದ ಒಂದು ಮರದ ತುಂಡೇ ಬ್ರೇಕು.

ನಮ್ಮ ಬೀದಿ ಅಂಗೈಯಷ್ಟು ಸಮ. ಅಲ್ಲಿ ಗಾಡಿಯನ್ನು ತಳ್ಳಬಹುದಿತ್ತು, ಬಿಡಲು ಆಗುತ್ತಿರಲಿಲ್ಲ. ಹಾಗಾಗಿ ಅವಳು ದಸರಾ ರಜೆಗೆ ಕಾದಳು. ನನ್ನ ಗಂಡನ ಊರು ಟಿ. ನರಸೀಪುರ ದಾಟಿ ಮುಡುಕುತೊರೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ಬಾವನ ಮನೆ, ಅಂದರೆ ನನ್ನ ಗಂಡನ ಅಣ್ಣನ ಮನೆ, ನಾಲೆ ಏರಿಯ ದಿಬ್ಬದ ಮೇಲಿದೆ. ಮನೆ ಬಾಗಿಲಿಂದ ಕಾಂಕ್ರೀಟ್ ರಸ್ತೆ ನೆಟ್ಟಗೆ ಊರೊಳಕ್ಕೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಮೊದಲ ಸವಾರಿ ತನ್ನದು ಎಂದು ದೊಡ್ಡವಳು ತಂಗಿಗೆ ಹೇಳಿದ್ದಳು, ತರಗತಿಗೆಲ್ಲ ಹೇಳಿದ್ದಳು, ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು.

ನನಗೆ ಬಾವನನ್ನು ಕಂಡರೆ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರು ಕೆಟ್ಟವರಲ್ಲ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಆದರೆ ಮನೆಯಲ್ಲಿರುವ ಎಲ್ಲವೂ ತನ್ನದು ಎಂಬ ಅವರ ನಡಿಗೆಯೇ ನನಗೆ ಸಹಿಸಲಾಗದು. ಆ ಮನೆಗೆ ಯಾವ ಹೊಸ ವಾಹನ ಬಂದರೂ ನಿಂಬೆಹಣ್ಣು ತುಳಿಸಿ ಮೊದಲು ಓಡಿಸುವುದು ಅವರೇ. ನಾವು ಕಾರು ಕೊಂಡಾಗಲೂ ಮೊದಲು ಕೂತವರು ಅವರು. ಗೇಟಿಗೆ ಉಜ್ಜಿಸಿ ತಂದರು. ನನ್ನ ಗಂಡ, "ಹೋಗ್ಲಿ ಬಿಡು, ಅಣ್ಣ ಅಲ್ವಾ" ಎಂದರು. ಆ ಗೀರು ಇವತ್ತಿಗೂ ಹಾಗೇ ಇದೆ.

ಆಯುಧ ಪೂಜೆಯ ದಿನ ಗಾಡಿಯನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಹೊರಟೆವು. ಬಾವ ತರಲು ಹೇಳಿದ್ದ ಬೂದುಗುಂಬಳಕಾಯಿಯನ್ನು ನರಸೀಪುರದಲ್ಲಿ ನಾನೇ ಆರಿಸಿ ಕೊಂಡೆ. ನಾವು ಗಾಡಿ ಇಳಿಸುತ್ತಿದ್ದಾಗಲೇ ಬಾವ ನಕ್ಕರು.

"ಏನವ್ವಾ ಇದು? ಎಣ್ಮಕ್ಳಿಗೆ ಗಾಡಿ ಮಾಡ್ಕೊಟ್ಟಿದ್ದೀಯಾ?"

"ಅವರೇ ಮಾಡಿದ್ದು ಬಾವ" ಎಂದೆ.

ಪೂಜೆಗೆ ಟ್ರ್ಯಾಕ್ಟರು, ಬೈಕು, ಔಷಧಿ ಹೊಡೆಯುವ ಪಂಪು ಎಲ್ಲ ಸಾಲಾಗಿ ನಿಂತವು. ಬಾವ ಬೇರಿಂಗ್ ಗಾಡಿಯನ್ನೂ ಎತ್ತಿ ಸಾಲಿನಲ್ಲಿಟ್ಟರು, ವಿಭೂತಿ ಬಳಿದರು, ಸೇವಂತಿಗೆ ಹಾರ ಹಾಕಿದರು. ದೊಡ್ಡವಳ ಮುಖ ಅರಳಿತು. ನನಗೂ ಒಂದು ಕ್ಷಣ ಬಾವ ಒಳ್ಳೆಯವರು ಅನ್ನಿಸಿತು. ಆಮೇಲೆ ಕುಂಬಳಕಾಯಿಗೆ ಕುಂಕುಮ ತುಂಬಿ, ದೃಷ್ಟಿ ತೆಗೆದು, ಸರಿಯಾಗಿ ಇಳಿಜಾರು ಶುರುವಾಗುವ ಕಡೆಯೇ ಒಡೆದರು. ರಸ್ತೆಯ ಅಗಲಕ್ಕೂ ಕೆಂಪು ತಿರುಳು ಹರಡಿತು.

ದೊಡ್ಡವಳು ಹಗ್ಗ ಹಿಡಿದು ಹೋದಳು. ಬಾವ ಅವಳ ಕೈಯಿಂದ ಹಗ್ಗ ತೆಗೆದುಕೊಂಡರು.

"ಈ ಮನೇಲಿ ಯಾವ್ ಗಾಡಿ ಬಂದ್ರೂವೆ ಮೊದ್ಲು ಅತ್ತೋದು ನಾನು ಕಣವ್ವ. ಆಮ್ಯಾಕೆ ನೀನು."

"ದೊಡ್ಡಪ್ಪ, ಇದು ನನ್ನ ಗಾಡಿ."

"ನಿನ್ದೇ ಕಣವ್ವ, ನಾನೇನ್ ಒತ್ಕೊಂಡೋಯ್ತೀನಾ?"

ಅವಳು ನನ್ನನ್ನು ನೋಡಿದಳು. ನಾನು ಗಂಡನನ್ನು ನೋಡಿದೆ. ಅವರು ಮೊಬೈಲ್ ನೋಡಿದರು. ಕೈ ಕೆಸರು ಮಾಡಿಕೊಂಡವಳು ಒಬ್ಬಳು, ಬಾಯಿ ಮೊಸರು ಇನ್ನೊಬ್ಬರಿಗೆ. ನನಗೆ ಆ ಅಣ್ಣತಮ್ಮ ಇಬ್ಬರ ಮೇಲೂ ಹೇಸಿಗೆಯಾಯಿತು. "ಬಾವ, ಅವಳಿಗೆ ಮಾತು ಕೊಟ್ಟಿದ್ದೀನಿ, ಅವಳೇ ಹೋಗಲಿ" ಎಂದೆ. ಅವರು ಕೇಳಿಸಿಕೊಳ್ಳದವರಂತೆ ಪಂಚೆ ಎತ್ತಿ ಕಟ್ಟಿದರು.

"ದೊಡ್ಡಪ್ಪ, ಅದನ್ನಾದ್ರೂ ಗುಡಿಸ್ಬಿಡೋಣ. ಬೇರಿಂಗಿಗೆ ರಬ್ಬರ್ ಇಲ್ಲ, ಜಾರುತ್ತೆ" ಎಂದಳು ದೊಡ್ಡವಳು.

"ದೃಷ್ಟಿ ತೆಗ್ದಿದ್ ಕುಂಬ್ಳಕಾಯ ಯಾರಾರ ಮುಟ್ತಾರಾ? ಸುಮ್ಕಿರು."

ಬಾವ ಕೂತರು. ಹಲಗೆ ಕಿರ್ ಎಂದಿತು. ಕಾಲಲ್ಲಿ ಒದ್ದುಕೊಂಡು ಹೊರಟರು. ತಿರುಳಿನ ಮೇಲೆ ಬಂದ ಕೂಡಲೇ ಮುಂದಿನ ಚಕ್ರಗಳು ಪಕ್ಕಕ್ಕೆ ಜಾರಿದವು. ಅವರು ಎತ್ತು ನಿಲ್ಲಿಸುವವರಂತೆ ಎರಡೂ ಹಗ್ಗವನ್ನು ಒಟ್ಟಿಗೆ ಎದೆಗೆಳೆದುಕೊಂಡರು. ಹಾಗೆ ಎಳೆದರೆ ಆ ಗಾಡಿ ಯಾವ ಕಡೆಗೂ ತಿರುಗುವುದಿಲ್ಲ. ಅಡ್ಡಡ್ಡ ಹೋಗಿ ಮೋರಿಯ ಕಲ್ಲಿಗೆ ಬಡಿಯಿತು, ಹಲಗೆ ನಡುವೆ ಎರಡಾಯಿತು, ಬಾವ ಪಕ್ಕದ ಹುಲ್ಲಿಗೆ ಬಿದ್ದರು.

ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮೋರಿಯ ಮೇಲೆ ಕೂತು ಅರಿಶಿನ ಹಚ್ಚಿಸಿಕೊಳ್ಳುತ್ತಾ, "ಮರವೇ ಸರಿಯಿಲ್ಲ ಕಣಯ್ಯಾ, ಪ್ಯಾಕಿಂಗ್ ಮರ" ಎಂದು ತಮ್ಮನಿಗೆ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಂಡ ತಲೆಯಾಡಿಸಿದರು.

ದೊಡ್ಡವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೇನೋ. ಅವಳು ಮುರಿದ ಗಾಡಿಯನ್ನು ಏರಿಗೆ ಎಳೆದು ತಂದು, ಬಗ್ಗಿ ಒಂದೊಂದೇ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ನಾಲ್ಕೂ ತಿರುಗಿದವು. "ಅಮ್ಮ, ಅಚ್ಚು ಚೆನ್ನಾಗಿದೆ. ಕೂರಕ್ಕೆ ಒಂದು ಹಲಗೆ ಸಿಕ್ಕಿದ್ರೆ ಸಾಕು" ಎಂದಳು. ಪೊರಕೆ ತಂದು, ಯಾರನ್ನೂ ನೋಡದೆ, ಕುಂಬಳಕಾಯಿಯನ್ನೆಲ್ಲ ಗುಡಿಸಿ ರಸ್ತೆಯಂಚಿಗೆ ತಳ್ಳಿದಳು.

ನಾನು ಹಲಗೆ ಹುಡುಕಲು ಒಳಗೆ ಹೋದೆ. ಊಟದ ಮನೆಯ ಗೋಡೆಗೆ ಬಾವನ ಮಣೆ ಒರಗಿತ್ತು. ಹಲಸಿನ ಮರದ್ದು, ಉದ್ದನೆಯದು, ಎರಡು ಬೆರಳು ದಪ್ಪ. ಮನೆಯಲ್ಲಿ ಟೇಬಲ್ ಇದ್ದರೂ ಬಾವ ಅದರ ಮೇಲೆ ಕೂತೇ ಉಣ್ಣುವುದು. ಬೇರೆಯವರು ಅದರ ಮೇಲೆ ಕೂರುವಂತಿಲ್ಲ, ಮಕ್ಕಳು ಕಾಲಿಟ್ಟರೂ ಬೈಗುಳ. ನಾನು ಅದನ್ನು ಎತ್ತಿಕೊಂಡೆ. ಅಡುಗೆಮನೆ ಬಾಗಿಲಲ್ಲಿ ಓರಗಿತ್ತಿ, ಬಾವನ ಹೆಂಡತಿ, ನಿಂತಿದ್ದರು. ಮಣೆ ನೋಡಿದರು, ನನ್ನನ್ನು ನೋಡಿದರು.

"ನಾನೇನೂ ನೋಡ್ನಿಲ್ಲ ಕಣವ್ವ" ಎಂದು ಒಲೆ ಕಡೆಗೆ ತಿರುಗಿಕೊಂಡರು.

ಹಲಸಿಗೆ ಮೊಳೆ ಸುಲಭವಾಗಿ ಇಳಿಯುವುದಿಲ್ಲ. ಮೂರು ಬಗ್ಗಿದವು. ನಾಲ್ಕನೆಯದನ್ನು ನಾನು ಹೊಡೆದ ರೀತಿಗೆ ಚಿಕ್ಕವಳು ಹೆದರಿ ಹಿಂದೆ ಸರಿದಳು. ಮೊಳೆ ಹೊಡೆಯುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ದೊಡ್ಡವಳು ಕೂತಳು. ಹಗ್ಗವನ್ನು ಸಡಿಲವಾಗಿ ಹಿಡಿದು, ಒಮ್ಮೆ ಬ್ರೇಕು ಒತ್ತಿ ನೋಡಿ, ಬಿಟ್ಟಳು. ಕಾಂಕ್ರೀಟಿನ ಮೇಲೆ ಉಕ್ಕಿನ ಸದ್ದು ಊರಿಗೆಲ್ಲ ಕೇಳಿಸಿರಬೇಕು, ಜನ ಬಾಗಿಲಿಗೆ ಬಂದರು. ಅವಳು ಮೋರಿಯ ಹತ್ತಿರ ಸ್ವಲ್ಪ ಎಡಕ್ಕೆ ಎಳೆದು, ದೊಡ್ಡಪ್ಪನ ಮುಂದೆಯೇ ಹಾದು, ಕೆಳಗಿನ ತಿರುವಿನವರೆಗೂ ಹೋಗಿ ನಿಂತಳು. ಚಿಕ್ಕವಳು ಕಿರುಚಿಕೊಂಡು ಹಿಂದೆಯೇ ಓಡಿದಳು.

ಬಾವ ಎದ್ದು ಕುಂಟುತ್ತಾ ನನ್ನ ಹತ್ತಿರ ಬಂದರು.

"ಅದು ನನ್ ಮಣೆ ಅಲ್ವಾ?"

"ಹೌದು ಬಾವ."

"ಯಾರ್ನ ಕೇಳಿ ಮೊಳೆ ಒಡ್ದೆ?"

ನನ್ನ ಗಂಡ ಮೊಬೈಲಿನಿಂದ ತಲೆ ಎತ್ತಿದರು. ನನ್ನ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು, ಕೆಳಗಿಡಬೇಕು ಎಂದು ಅನ್ನಿಸಲಿಲ್ಲ.

"ಯಾರನ್ನೂ ಕೇಳಲಿಲ್ಲ ಬಾವ" ಎಂದೆ.