ಅತ್ತೆಯ ಸುಮ್ಮಾ ಕಾಲೇಜು

ಇವತ್ತು ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಲೆಂದು ಇಂಗಿನ ಡಬ್ಬಿ ತೆರೆದರೆ ಒಳಗಿಂದ ಇಯರ್‌ಫೋನ್ ಹೊರಬಂತು. ಇಂಗಿನ ವಾಸನೆಯ ಇಯರ್‌ಫೋನನ್ನು ನೀವು ಎಂದಾದರೂ ಕಿವಿಗಿಟ್ಟುಕೊಂಡಿದ್ದೀರಾ? ನಾನು ಇಟ್ಟುಕೊಂಡೆ. ಏನೂ ಕೇಳಿಸಲಿಲ್ಲ, ಹಸಿವು ಮಾತ್ರ ಆಯಿತು. ನನ್ನ ಮಕ್ಕಳ ಕೈಗೆ ಸಿಗಬಾರದೆಂದು ಅದನ್ನಲ್ಲಿ ಬಚ್ಚಿಟ್ಟವರು ಸರೋಜತ್ತೆ.

ಅತ್ತೆ ನಮ್ಮಪ್ಪನ ತಂಗಿ. ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಮಾವ ತೀರಿಕೊಂಡ ಮೇಲೆ ಪೆರಂಬೂರಿನ ನಮ್ಮ ಮನೆಯಲ್ಲೇ ಇದ್ದಾರೆ. ಅಪ್ಪ ಒಂದು ವರ್ಷ ನಪಾಸಾದದ್ದರಿಂದ ಅಣ್ಣ ತಂಗಿ ಒಟ್ಟಿಗೇ ಶಾಲೆ ಮುಗಿಸಿದರು. ಮನೆಗೆ ಇದ್ದದ್ದು ಒಬ್ಬರ ಕಾಲೇಜು ಫೀಸು ಕಟ್ಟುವ ತ್ರಾಣ. ನಪಾಸಾದವರು ಕಾಲೇಜಿಗೆ ಹೋದರು, ಪಾಸಾದವರು ಅಡುಗೆಮನೆಗೆ. ಅತ್ತೆ ಅದನ್ನು ಎಂದೂ ಆಡಿ ತೋರಿಸಲಿಲ್ಲ. ಅಪ್ಪನೂ ಆ ಮಾತೆತ್ತುತ್ತಿರಲಿಲ್ಲ.

ಹೋದ ವರ್ಷ ಒಂದು ದಿನ ಅತ್ತೆ, "ಕಾಲೇಜು ಪಾಠ ಫೋನಲ್ಲೇ ಬರತ್ತಂತೆ ಕಣೋ, ಕನ್ನಡದಲ್ಲೂ ಇದೆಯಂತೆ. ಸುಮ್ಮಾ ಹೇಳ್ಕೊಡ್ತಾರಂತೆ!" ಎಂದರು.

"ಸುಮ್ಮನಿದ್ರೆ ಪಾಠ ಹೇಗೆ ಹೇಳ್ತಾರೆ ಅತ್ತೆ?"

"ಅಯ್ಯೋ, ಸುಮ್ಮಾ ಅಂದ್ರೆ ಪುಕ್ಕಟೆ! ಮೆಡ್ರಾಸಲ್ಲೇ ಹುಟ್ಟಿ ಇಷ್ಟೂ ತಮಿಳು ಬರಲ್ವಾ ನಿಂಗೆ?"

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ನಕ್ಕುಬಿಟ್ಟೆ. ನಗಬಾರದಿತ್ತು. ಅರ್ಥಶಾಸ್ತ್ರದ ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಕಡಿಮೆ ಫೀಸಿನಲ್ಲಿ ಬಿ.ಎ.ಗೆ ಸೇರಿಸಿಕೊಳ್ಳುತ್ತಾರೆಂದು ಅತ್ತೆ ಆಗಲೇ ವಿಚಾರಿಸಿಕೊಂಡು ಬಂದಿದ್ದರು.

ತೊಡಕಾದದ್ದು ಪಾಠವಲ್ಲ, ಮರ್ಯಾದೆ. ಫೋನಿನಲ್ಲಿ ಮೇಷ್ಟ್ರ ಮುಖ ಕಂಡೊಡನೆ ಅತ್ತೆ ಎದ್ದು ನಿಲ್ಲುತ್ತಿದ್ದರು. ಒಲೆಯ ಮೇಲೆ ಹುಳಿ ಉಕ್ಕಿದರೂ ಪಾಠ ನಿಲ್ಲಿಸುತ್ತಿರಲಿಲ್ಲ. "ಮೇಷ್ಟ್ರು ಮಾತಾಡ್ತಿರೋವಾಗ ಬಾಯಿ ಮುಚ್ಚಿಸೋದಾ? ತಪ್ಪು ಕಣೋ!" ಹೀಗಾಗಿ ಹುಳಿಯೂ ಸೀಯುತ್ತಿತ್ತು, ನೋಟ್ಸೂ ಅರ್ಧಕ್ಕೇ ನಿಲ್ಲುತ್ತಿತ್ತು. ಹೀಗೇ ಆದರೆ ಪಾಸಾಗುವುದು ಅಷ್ಟರಲ್ಲೇ ಇದೆ ಎನಿಸಿತು.

ಒಂದು ಸಂಜೆ ಅಪ್ಪ ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಬಂದು ಕೂತರು. ಇಬ್ಬರಿಗೂ ಕೇಳಿಸಲೆಂದು ಫೋನಿನಿಂದ ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟು, "ನೀನು ಹುಳಿ ನೋಡ್ಕೋ ಸರೋಜ, ನಾನು ಬರ್ಕೋತೀನಿ" ಎಂದರು.

ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದೇ ಅದರ ನಿಜವಾದ ಬೆಲೆ, ಇದು ಅಂದಿನ ಪಾಠ. ನಿಮ್ಮ ಬದುಕಿನಿಂದಲೇ ಒಂದು ಉದಾಹರಣೆ ಬರೆಯಿರಿ ಎಂದರು ಮೇಷ್ಟ್ರು. ಅಪ್ಪ ತಲೆ ತಗ್ಗಿಸಿ ಬರೆದರು. ಆಮೇಲೆ ನೋಟ್‌ಬುಕ್ಕನ್ನು ತಂಗಿಯ ಮುಂದಿಟ್ಟರು. 'ನಾನು ಕಾಲೇಜಿಗೆ ಹೋದೆ. ಬೆಳೆ ಸರೋಜ ಕೊಟ್ಟಳು.'

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬೆಲೆ ಅಣ್ಣ, ಬೆಳೆ ಅಲ್ಲ" ಎಂದು ನಕ್ಕರು. ಅಪ್ಪನೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಬೆಳೆ ಎಂದರೂ ಸುಳ್ಳೇನಲ್ಲ; ಅಪ್ಪನ ಬ್ಯಾಂಕಿನ ಕೆಲಸ, ನನ್ನ ಓದು, ಈ ಮನೆ, ಉಂಡವರೆಲ್ಲ ನಾವೇ.

ಇವತ್ತು ಅಂಬತ್ತೂರಿನ ಕಾಲೇಜೊಂದರಲ್ಲಿ ಅತ್ತೆಯ ಪರೀಕ್ಷೆ. ಅಡುಗೆ ನನ್ನ ಪಾಲಿಗೆ ಬಂದದ್ದು ಅದಕ್ಕೇ. ಹತ್ತು ಗಂಟೆಗೆ ಅಪ್ಪನಿಗೆ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದೆ. ಅವರ ದನಿಯಲ್ಲಿ ಅಷ್ಟು ಖುಷಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಕಾಲೇಜು ಗೇಟ್ ಹತ್ರ ಕಣೋ. ಅವಳು ಒಳಗೆ ಹೋದ್ಲು. ನಾನು ಹೊರಗೆ ನಿಂತಿದೀನಿ."