ಮುಂದಿನ ಸೀಟಿನ ನಮಸ್ಕಾರ

ಕನ್ನಡಕ ಬದಲಾಯಿಸಬೇಕೆಂದು ಗೊತ್ತಿದ್ದೂ ಎರಡು ವರ್ಷ ಸುಮ್ಮನಿದ್ದವನು ನಾನು. ಮೇಷ್ಟರ ಕಣ್ಣು ಮಸುಕಾದರೆ ಹುಡುಗರಿಗೆ ಅನುಕೂಲವೇ ಹೊರತು ಲೋಕಕ್ಕೇನೂ ನಷ್ಟವಿಲ್ಲ. ಡ್ರೈವರ್ ಬೋರೇಗೌಡನ ವಿಷಯ ಹಾಗಲ್ಲ.

ಯುದ್ಧದಿಂದಾಗಿ ಪೆಟ್ರೋಲು ಸಿಗದೆ, ಮಳವಳ್ಳಿಯಿಂದ ಮದ್ದೂರಿಗೆ ಇದ್ದಿಲಿನ ಬಸ್ಸು ಓಡುತ್ತಿದ್ದ ಕಾಲ. ಓಡುತ್ತಿತ್ತು ಎನ್ನುವುದು ಸೌಜನ್ಯದ ಮಾತು. ಏರು ಬಂದರೆ ನಾವೇ ಇಳಿದು ತಳ್ಳುತ್ತಿದ್ದೆವು. ಬೋರೇಗೌಡ ಮಹಾ ದೈವಭಕ್ತ. ದಾರಿಯಲ್ಲಿ ಮಾರಿಗುಡಿ, ನಾಗರಕಲ್ಲು ಯಾವುದು ಕಂಡರೂ ಎರಡೂ ಕೈ ಬಿಟ್ಟು ಮುಗಿಯುತ್ತಿದ್ದ. ಅಷ್ಟು ಹೊತ್ತು ಸ್ಟಿಯರಿಂಗು ದೇವರ ಪಾಲು. ಒಂದೇ ಕೈಯೆತ್ತಿದರೆ ಸಾಲದೇ ಎಂದರೆ, "ಒಂಟಿ ಕೈಲಿ ಸಲಾಮು ಒಡ್ಯಾಕೆ ದ್ಯಾವ್ರೇನು ಅಮಲ್ದಾರ್ರಾ ಸೋಮಿ?" ಎನ್ನುತ್ತಿದ್ದ.

ಅರವತ್ತು ಹತ್ತಿರವಾದಂತೆ ಅವನ ಭಕ್ತಿ ಹೆಚ್ಚಿತೆಂದು ಎಲ್ಲರೂ ಕೊಂಡಾಡಿದರು. ಸೋಮವಾರ ಸೋಮವಾರ ಮದ್ದೂರಿನ ಸ್ಕೂಲಿಗೆ ಹೊರಟು ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ನನಗೆ ನಿಜ ಗೊತ್ತಿತ್ತು. ಅವನು ಮೈಲಿಗಲ್ಲಿಗೂ ಮುಗಿಯುತ್ತಿದ್ದ. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾರದಾದರೂ ಜೀವ. ಧೈರ್ಯ ಸಾಲದೆ, ಹರಟೆಯ ನಡುನಡುವೆ "ಮುಂದೆ ಗಾಡಿ", "ಎಡಕ್ಕೆ ಎಮ್ಮೆ" ಎಂದು ಸೇರಿಸತೊಡಗಿದೆ. ಡ್ರೈವರನ ಜೊತೆ ಮಾತಾಡಬಾರದೆಂಬ ಬೋರ್ಡಿನ ಕೆಳಗೇ ಕೂತು ಮಾತಾಡುತ್ತ, ನನ್ನ ಪರೋಪಕಾರವನ್ನು ನಾನೇ ಮೆಚ್ಚಿಕೊಂಡಿದ್ದೆ.

ಒಂದು ಬೆಳಿಗ್ಗೆ, ಮದ್ದೂರಿಗೆ ಇನ್ನೆರಡು ಮೈಲಿ ಇರುವಾಗ, ತಿರುವಿನಲ್ಲಿ ಅರಿಸಿನ ಬಣ್ಣದ್ದೇನೋ ನಿಂತಿತ್ತು. ಹೊಸದಾಗಿ ನಿಲ್ಲಿಸಿದ ಮಾರಮ್ಮನಿರಬೇಕು ಎಂದುಕೊಂಡೆ. ಬೋರೇಗೌಡ ಕೈಬಿಟ್ಟು ಮುಗಿದ. ನಾನೂ ಮುಗಿದೆ. ಮಾರಮ್ಮ ಬುಟ್ಟಿ ಎಸೆದು ಚರಂಡಿಗೆ ಹಾರಿದಳು.

ಬಸ್ಸು ಬುಟ್ಟಿಯ ಮೇಲೆ ಹತ್ತಿ ನಿಂತಿತು. ಇದ್ದಿಲಿನ ಬಸ್ಸಾದ್ದರಿಂದ ನಿಂತಿತು. ಹಳದಿ ಸೀರೆಯ ಮುದುಕಿಯೊಬ್ಬಳು ಕೆಸರಿನಿಂದೆದ್ದು ಬಂದು, "ಲೇ, ಕೈ ಮುಗುದು ಸಾಯಿಸ್ತೀರೇನ್ರಲಾ? ಅವ್ನು ಓಗ್ಲಿ, ಪಕ್ದಲ್ಲಿ ಕುಂತು ನೀನ್ಯಾಕಯ್ಯಾ ಮುಗ್ದೆ?" ಎಂದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಬೋರೇಗೌಡ ಜಜ್ಜಿಹೋಗದ ಬದನೆಕಾಯಿಗಳನ್ನು ಆಯ್ದು ಅವಳ ಮಡಿಲಿಗೆ ಹಾಕಿದ. ಆಮೇಲೆ, "ಸಾಕು ಬುಡಿ ಮೇಷ್ಟ್ರೇ, ನಾನಿನ್ನು ಸ್ಟಿಯರಿಂಗು ಮುಟ್ಟಾಕಿಲ್ಲ" ಎಂದ.

ಈಗಿನ ಡ್ರೈವರು ಯಾವ ಗುಡಿಗೂ ತಿರುಗಿ ನೋಡುವುದಿಲ್ಲ. ನಾನು ಹೊಸ ಕನ್ನಡಕ ಹಾಕಿಸಿದ್ದೇನೆ. ಸಂತೆಗೆ ಸೊಪ್ಪು ಒಯ್ಯುವ ಬೋರೇಗೌಡ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, "ಇದು ಗುಡೀನಾ ಮೇಷ್ಟ್ರೇ?" ಎಂದು ಕೇಳಿಕೊಂಡೇ ಕೈಯೆತ್ತುತ್ತಾನೆ. ಆ ತಿರುವಿನಲ್ಲಿ ಗುಡಿಯೂ ಇಲ್ಲ, ಕಲ್ಲೂ ಇಲ್ಲ. ಅಲ್ಲಿ ಮಾತ್ರ ಅವನು ಕೇಳುವುದಿಲ್ಲ, ಇಬ್ಬರೂ ಮುಗಿಯುತ್ತೇವೆ.